ಯಾವ ಊರಲ್ಲಿ ಏನು, ಎಷ್ಟು ಹೊತ್ತಿಗೆ?

ಊರಿನಲ್ಲೂ ದಾರಿಯಲ್ಲೂ ಹೊರಗೆ ತಿನ್ನುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ತಿಂಡಿಯ ದರಗಳನ್ನು ಬರೆದಿಲ್ಲ. ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅವು ಬದಲಾಗಿರುತ್ತವೆ.

ಪ್ರಶ್ನೆ: ಹೊಸ ಹೆದ್ದಾರಿ ಆದ ಮೇಲೆ ಮೈಸೂರು ದಾರಿಯಲ್ಲಿ ತಟ್ಟೆ ಇಡ್ಲಿಯೂ ಇಲ್ಲ, ಮದ್ದೂರು ವಡೆಯೂ ಇಲ್ಲ. ವಯಸ್ಸಾದ ಅಪ್ಪ ಅಮ್ಮನ ಜೊತೆ ತಿಂಗಳಿಗೊಮ್ಮೆ ಹೋಗುತ್ತೇವೆ. ಎಲ್ಲಿ ಇಳಿಯಬೇಕು?
— ವಿಜಯನಗರ, ಬೆಂಗಳೂರಿನ ಓದುಗರು

ಉತ್ತರ: ಹೋಟೆಲುಗಳು ಇದ್ದಲ್ಲೇ ಇವೆ, ರಸ್ತೆ ಪಕ್ಕಕ್ಕೆ ಸರಿದಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪೇಟೆಗಳನ್ನು ಮುಟ್ಟದೆ ಬಳಸಿಕೊಂಡು ಹೋಗುತ್ತದೆ. ಫೋನಿನ ಮ್ಯಾಪಿಗೆ ‘ಮೈಸೂರು’ ಎಂದು ಕೊಟ್ಟರೆ ಅದು ನಿಮ್ಮನ್ನು ನಡುವಿನ ಆರು ಪಥದಲ್ಲೇ ಓಡಿಸುತ್ತದೆ. ಊರಿನ ಹೆಸರಿನ ಫಲಕ ಕಂಡ ಮೇಲೆ ಇಳಿಯೋಣ ಎಂದುಕೊಂಡರೆ ಅಷ್ಟರಲ್ಲಿ ಇಳಿದಾರಿ ಹಿಂದೆ ಹೋಗಿರುತ್ತದೆ. ಮನೆ ಬಿಡುವಾಗಲೇ ಮ್ಯಾಪಿನಲ್ಲಿ ಮೈಸೂರಿನ ಬದಲು ತಿಂಡಿ ತಿನ್ನುವ ಹೋಟೆಲನ್ನೇ ಗುರಿಯಾಗಿ ಹಾಕಿ. ತಿಂದಾದ ಮೇಲೆ ಮೈಸೂರಿಗೆ ಬದಲಾಯಿಸಿ.

ತಟ್ಟೆ ಇಡ್ಲಿಗಾದರೆ ಬಿಡದಿಗೆ ಬೆಳಿಗ್ಗೆ ಏಳರಿಂದ ಒಂಬತ್ತೂವರೆಯ ಒಳಗೆ ಹೋಗಿ. ಆ ಹೊತ್ತಿನಲ್ಲಿ ಒಂದು ಅಟ್ಟೆ ಇಳಿಯುವಷ್ಟರಲ್ಲಿ ಖಾಲಿಯಾಗಿರುತ್ತದೆ, ಹಾಗಾಗಿ ಯಾರಿಗೂ ಆರಿದ್ದು ಸಿಗುವುದಿಲ್ಲ. ಹನ್ನೊಂದರ ಮೇಲೆ ಜನ ಕಡಿಮೆಯಾಗಿ, ಬೆಂದ ಇಡ್ಲಿ ಅಟ್ಟೆಯಲ್ಲೇ ಕೂತಿರುತ್ತದೆ. ಇಡ್ಲಿ ಸರಿಯಾಗಿದೆಯೇ ಎಂದು ಬೆಣ್ಣೆಯೇ ಹೇಳುತ್ತದೆ: ಮೇಲಿಟ್ಟ ಮುದ್ದೆ ಅರ್ಧ ನಿಮಿಷದಲ್ಲಿ ಅಂಚಿನ ಕಡೆಗೆ ಜಾರಿ ಕರಗಬೇಕು. ಮುರಿದಾಗ ಸಣ್ಣ ರಂಧ್ರಗಳು ನಡುವಿನವರೆಗೂ ಒಂದೇ ಸಮನಾಗಿ ಕಾಣಬೇಕು. ತಳದಲ್ಲಿ ಹೊಳೆಯುವ ಒದ್ದೆ ಪದರವಿದ್ದರೆ ಹಬೆಯ ನೀರು ತಟ್ಟೆಗೆ ಇಳಿದಿದೆ. ಹಳದಿ ಛಾಯೆ ಇದ್ದು, ತಿಂದ ಮೇಲೆ ನಾಲಗೆಯಲ್ಲಿ ಸೋಪಿನಂಥ ರುಚಿ ಉಳಿದರೆ ಹಿಟ್ಟು ಹುದುಗುವ ಮೊದಲೇ ಸೋಡಾ ಹೆಚ್ಚಾಗಿ ಹಾಕಿದ್ದಾರೆ. ತುಮಕೂರು ದಾರಿಯ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೂ ಇದೇ ಪರೀಕ್ಷೆ ಸಾಕು.

ಮಧ್ಯಾಹ್ನದ ಊಟಕ್ಕಾದರೆ ರಾಮನಗರದ ಜಾನಪದ ಲೋಕದ ಬಳಿಯ ಕಾಮತ್ ಲೋಕರುಚಿ ಹಿರಿಯರಿಗೆ ಅನುಕೂಲ. ಕಾರು ಬಾಗಿಲ ಹತ್ತಿರಕ್ಕೆ ಹೋಗುತ್ತದೆ, ಜೋಳದ ರೊಟ್ಟಿ ಊಟ ಸಿಗುತ್ತದೆ. ಪೇಟೆಯ ಹಳೆಯ ಸಣ್ಣ ಹೋಟೆಲುಗಳಲ್ಲಿ ಕುರ್ಚಿಯಂತೆ ಕೂರುವ ಶೌಚಾಲಯ ಸಿಗುವುದು ಅಪರೂಪ. ಮಂಡಿ ನೋವಿನವರು ಜೊತೆಗಿದ್ದರೆ ಅದಕ್ಕೆಂದೇ ಒಂದು ದೊಡ್ಡ ಹೋಟೆಲನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಬೈಕಿನವರಿಗೆ 2023ರ ಆಗಸ್ಟ್ 1ರಿಂದ ನಡುವಿನ ಪಥಕ್ಕೆ ಪ್ರವೇಶವಿಲ್ಲ. ಹೇಗೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕಾದ್ದರಿಂದ ಅವರಿಗೆ ಹೋಟೆಲುಗಳು ದೂರವಾಗಿಲ್ಲ.

ಪ್ರಶ್ನೆ: ಮದ್ದೂರು ವಡೆ ಮನೆಯಲ್ಲಿ ಮಾಡಿದರೆ ಒಮ್ಮೆ ಕಲ್ಲಾಗುತ್ತದೆ, ಇನ್ನೊಮ್ಮೆ ಮೆತ್ತಗಾಗಿ ಎಣ್ಣೆ ಕುಡಿಯುತ್ತದೆ. ಅಳತೆ ತಿಳಿಸಿ.
— ಹಾಸನದ ಓದುಗರು

ಉತ್ತರ: ಇದು ರೈಲಿನ ಪ್ರಯಾಣಿಕರ ಕೈಯಲ್ಲಿ ಹೆಸರಾದ ತಿಂಡಿ. ಕಟ್ಟಿಸಿಕೊಂಡು ಹೋದವರು ಸಂಜೆ ಬಿಚ್ಚಿದರೂ ಚೆನ್ನಾಗಿರಬೇಕು. ಆದ್ದರಿಂದ ಹಿಟ್ಟಿನಲ್ಲಿ ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಒಲೆಯ ಮೇಲೆ ಎಷ್ಟು ನಿಧಾನವೋ ಅಷ್ಟು ಒಳ್ಳೆಯದು.

ಹತ್ತು ಹನ್ನೆರಡು ವಡೆಗೆ ಚಿರೋಟಿ ರವೆ 1 ಲೋಟ, ಮೈದಾ ಅರ್ಧ ಲೋಟ, ಅಕ್ಕಿ ಹಿಟ್ಟು ಅರ್ಧ ಲೋಟ, ದೊಡ್ಡ ಈರುಳ್ಳಿ 2, ಹಸಿ ಮೆಣಸಿನಕಾಯಿ 4, ಒಂದು ಹಿಡಿ ಕರಿಬೇವು ಮತ್ತು ಕೊತ್ತಂಬರಿ ಸೊಪ್ಪು, ಉಪ್ಪು, ಬಿಸಿ ಎಣ್ಣೆ ಅಥವಾ ತುಪ್ಪ 3 ದೊಡ್ಡ ಚಮಚ. ಈರುಳ್ಳಿಯನ್ನು ತೆಳ್ಳಗೆ ಉದ್ದುದ್ದ ಹೆಚ್ಚಿ, ಉಪ್ಪು ಹಾಕಿ ಕೈಯಲ್ಲಿ ಹಿಸುಕಿ ಹತ್ತು ನಿಮಿಷ ಬಿಡಿ. ಬೇರೆ ಪಾತ್ರೆಯಲ್ಲಿ ಹಿಟ್ಟುಗಳಿಗೆ ಬಿಸಿ ಎಣ್ಣೆ ಸುರಿದು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ಉಜ್ಜಿ. ಆಮೇಲೆ ಈರುಳ್ಳಿ, ಮೆಣಸಿನಕಾಯಿ, ಸೊಪ್ಪು ಸೇರಿಸಿ. ಈರುಳ್ಳಿ ಬಿಟ್ಟ ನೀರಿನಲ್ಲೇ ಮುಕ್ಕಾಲು ಪಾಲು ಕಲಸಾಗುತ್ತದೆ. ಉಳಿದದ್ದಕ್ಕೆ ಮಾತ್ರ ಚಮಚದಲ್ಲಿ ನೀರು ಚಿಮುಕಿಸಿ. ಕಲಸಿದ್ದನ್ನು ಹೆಚ್ಚು ಹೊತ್ತು ಇಡಬೇಡಿ, ಈರುಳ್ಳಿ ನೀರು ಬಿಡುತ್ತಲೇ ಇರುತ್ತದೆ.

ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ಅಂಗೈ ಅಗಲಕ್ಕೆ, ಎರಡು ಚಪಾತಿ ಒಂದರ ಮೇಲೊಂದು ಇಟ್ಟಷ್ಟು ದಪ್ಪಕ್ಕೆ ತಟ್ಟಿ. ಎಣ್ಣೆ ಕಾದಿದೆಯೇ ಎಂದು ನೋಡಲು ಚೂರು ಹಿಟ್ಟು ಹಾಕಿ. ಅದು ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿನಲ್ಲಿ ಮೇಲೆ ಬರಬೇಕು, ಬಿದ್ದ ಕೂಡಲೇ ಚಿಮ್ಮಬಾರದು. ಸಣ್ಣ ಉರಿಯಲ್ಲಿ ಆರೇಳು ನಿಮಿಷ ಬೇಯಿಸಿ, ಗುಳ್ಳೆ ಅಡಗಿದ ಮೇಲೆ ತೆಗೆಯಿರಿ.

ಕಲ್ಲಾಗುವುದು ಬಿಸಿ ಎಣ್ಣೆ ಸಾಲದೆ ಹೋದಾಗ ಅಥವಾ ಅಕ್ಕಿ ಹಿಟ್ಟು ಹೆಚ್ಚಾದಾಗ. ಎಣ್ಣೆ ಕುಡಿಯುವುದು ನೀರು ಹೆಚ್ಚಾಗಿ, ಕಾವು ಕಡಿಮೆಯಾದಾಗ. ಪೂರಿಯಂತೆ ಉಬ್ಬಿದರೆ ತೆಳ್ಳಗೆ ತಟ್ಟಿದ್ದೀರಿ. ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿದರೆ ಉರಿ ಜೋರಾಗಿತ್ತು. ಪೂರ್ತಿ ಆರುವ ಮುಂಚೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಎಷ್ಟು ಚೆನ್ನಾಗಿ ಕರಿದಿದ್ದರೂ ಮೆತ್ತಗಾಗುತ್ತದೆ.

ಪ್ರಶ್ನೆ: ವಿದ್ಯಾರ್ಥಿ ಭವನದಲ್ಲಿ ತಿನ್ನುವ ಹಾಗೆ ಹೊರಗೆ ಗರಿಗರಿ, ಒಳಗೆ ಮೆತ್ತನೆಯ ದೋಸೆ ಮನೆಯಲ್ಲಿ ಯಾಕೆ ಬರುವುದಿಲ್ಲ? ರಾಜ್ಯದಲ್ಲಿ ದೋಸೆಗೆಂದೇ ಹೋಗಬೇಕಾದ ಊರು ಯಾವುವು?
— ಶಿವಮೊಗ್ಗದ ಓದುಗರು

ಉತ್ತರ: ಹಿಟ್ಟಿಗಿಂತ ಕಲ್ಲಿನ ವ್ಯತ್ಯಾಸ ದೊಡ್ಡದು. ಹೋಟೆಲಿನ ದೋಸೆಕಲ್ಲು ಬೆರಳು ದಪ್ಪದ ಕಬ್ಬಿಣದ ಹಲಗೆ. ಒಟ್ಟಿಗೆ ಹತ್ತು ಹನ್ನೆರಡು ದೋಸೆಗೆ ಹಿಟ್ಟು ಸುರಿದರೂ ಅದರ ಕಾವು ಇಳಿಯುವುದಿಲ್ಲ. ಮನೆಯ ತೆಳು ನಾನ್‌ಸ್ಟಿಕ್ ಕಾವಲಿ ಒಂದೇ ಸೌಟಿಗೆ ತಣ್ಣಗಾಗುತ್ತದೆ. ಆಗ ಹಿಟ್ಟು ಕೆಂಪಾಗುವ ಮೊದಲು ಒಣಗುತ್ತದೆ, ದೋಸೆ ಬಿಳುಚಿಕೊಂಡು ಚರ್ಮದಂತಾಗುತ್ತದೆ. ದಪ್ಪ ಬೀಡು ಕಬ್ಬಿಣದ ಕಾವಲಿ ತನ್ನಿ. ಮೊದಲ ದೋಸೆಗೆ ಮುಂಚೆ ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ಕಾಯಿಸಿ. ನೀರು ಚಿಮುಕಿಸಿದರೆ ಹನಿಗಳು ಕುಣಿದು ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಒದ್ದೆ ಬಟ್ಟೆಯಿಂದಲೋ ಅರ್ಧ ಈರುಳ್ಳಿಯಿಂದಲೋ ಒರೆಸಿ, ಉರಿ ತಗ್ಗಿಸಿ, ಹಿಟ್ಟು ಹರಡಿ. ಹೋಟೆಲಿನಲ್ಲಿ ಪೊರಕೆಯಿಂದ ನೀರು ಹೊಡೆಯುವುದೂ ಇದಕ್ಕೇ. ಕಲ್ಲಿನ ಮೈ ಅತಿಯಾಗಿ ಕಾದಿದ್ದರೆ ಸೌಟಿಗೆ ಹಿಟ್ಟು ಸುತ್ತಿಕೊಂಡು ಬರುತ್ತದೆ, ಹರಡುವುದಿಲ್ಲ. ಹರಡಿದ ಮೇಲೆ ಮತ್ತೆ ಉರಿ ಏರಿಸಿ. ಮೇಲಿನ ಹಸಿ ಹೊಳಪು ಮಾಯವಾದಾಗ ಅಂಚಿಗೆ ಒಂದು ಚಮಚ, ನಡುವೆ ಒಂದು ಚಮಚ ತುಪ್ಪ. ಮಗುಚಬೇಡಿ, ಮುಚ್ಚಬೇಡಿ.

ಹಿಟ್ಟಿಗೆ ದೋಸೆ ಅಕ್ಕಿ 4 ಲೋಟ, ಉದ್ದಿನ ಬೇಳೆ 1 ಲೋಟ, ಕಡಲೆ ಬೇಳೆ 2 ದೊಡ್ಡ ಚಮಚ, ಮೆಂತ್ಯ 1 ಸಣ್ಣ ಚಮಚ, ಅವಲಕ್ಕಿ ಅರ್ಧ ಲೋಟ. ಐದು ಗಂಟೆ ನೆನೆಸಿ. ಉದ್ದು ಬೆಣ್ಣೆಯಂತೆ ಉಬ್ಬುವವರೆಗೆ, ಅಕ್ಕಿ ಬೆರಳಿಗೆ ಸಣ್ಣ ರವೆ ಸಿಗುವ ಹಾಗೆ ರುಬ್ಬಿ. ಅಕ್ಕಿಯನ್ನೂ ನುಣ್ಣಗೆ ಮಾಡಿದರೆ ಗರಿ ಬರುವುದಿಲ್ಲ. ಬೇಸಿಗೆಯಲ್ಲಿ ಎಂಟು ಗಂಟೆಗೆ ಹುದುಗು ಬರುತ್ತದೆ, ಡಿಸೆಂಬರಿನಲ್ಲಿ ಹದಿನಾಲ್ಕಾದರೂ ಬೇಕು. ಫ್ರಿಜ್ಜಿನಲ್ಲಿಟ್ಟ ಹಿಟ್ಟನ್ನು ಮುಕ್ಕಾಲು ಗಂಟೆ ಮೊದಲು ಹೊರಗಿಡದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಬೆಣ್ಣೆ ಹಾಕುವವರಿಗೆ ಒಂದು ಮಾತು: ಬೆಣ್ಣೆಯಲ್ಲಿ ಆರನೇ ಒಂದು ಪಾಲಿನಷ್ಟು ನೀರಿರುತ್ತದೆ. ಹಿಟ್ಟು ಹಸಿ ಇರುವಾಗಲೇ ಹಾಕಿದರೆ ದೋಸೆ ಮೆತ್ತಗಾಗುತ್ತದೆ. ಮೈ ಒಣಗಿದ ಮೇಲೆ ಹಾಕಿ, ನೊರೆಯೆದ್ದು ಅಡಗಲು ಬಿಡಿ. ಆ ಘಮ ತುಪ್ಪದಲ್ಲಿ ಬರುವುದಿಲ್ಲ.

ಊರುಗಳ ವಿಷಯಕ್ಕೆ ಬಂದರೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೆಯುತ್ತಿದೆ. ಶುಕ್ರವಾರ ರಜೆ, ಭಾನುವಾರ ಬೆಳಿಗ್ಗೆ ಎಂಟರ ಮೇಲೆ ಹೋದರೆ ಕಾಯುವುದು ಖಚಿತ. ಮಲ್ಲೇಶ್ವರದ ಸಿ.ಟಿ.ಆರ್. ಬೆಣ್ಣೆ ಮಸಾಲೆಗೆ ಹೆಸರಾದದ್ದು, ಅಲ್ಲಿನ ದೋಸೆಯ ಬಣ್ಣ ಇನ್ನೂ ಕಡು. ದಾವಣಗೆರೆ ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ಬೀಳುತ್ತದೆ, ಅದರಿಂದಲೇ ಆ ಹಗುರ. ಪಕ್ಕಕ್ಕೆ ಸಪ್ಪೆ ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ ಕೊಡುತ್ತಾರೆ, ಸಾಂಬಾರು ಕೇಳಬೇಡಿ. ಮೈಸೂರಿನ ನಜರ್‌ಬಾದಿನ ಮೈಲಾರಿ ದೋಸೆ ಇವಕ್ಕೆಲ್ಲ ವಿರುದ್ಧ: ಹೂವಿನಂತೆ ಮೆತ್ತಗೆ, ಒಳಗೆ ಸಾಗು, ಮೇಲೆ ಬೆಣ್ಣೆ. ಗರಿಗರಿ ಬಯಸಿ ಹೋದವರಿಗೆ ನಿರಾಸೆ. ಮೆತ್ತನೆಯದನ್ನು ಇಷ್ಟಪಡುವವರು ತಟ್ಟೆ ಮೇಜಿಗೆ ಬಂದ ಕೂಡಲೇ ತಿನ್ನಬೇಕು, ಐದು ನಿಮಿಷ ಕಳೆದರೆ ಅದು ಬೇರೆಯೇ ತಿಂಡಿ.

ಪ್ರಶ್ನೆ: ಗೊತ್ತಿಲ್ಲದ ಊರಿನಲ್ಲಿ ಹೋಟೆಲ್ ಆರಿಸುವುದು ಹೇಗೆ? ಪ್ರತಿ ಪ್ರವಾಸದಲ್ಲೂ ಮನೆಯಲ್ಲಿ ಒಬ್ಬರಿಗೆ ಹೊಟ್ಟೆ ಕೆಡುತ್ತದೆ.
— ಚಿತ್ರದುರ್ಗದ ಓದುಗರು

ಉತ್ತರ: ಗೋಡೆಯ ಟೈಲ್ಸ್ ನೋಡಿ ಆರಿಸಬೇಡಿ. ಪಾತ್ರೆ ಎಷ್ಟು ಬೇಗ ಖಾಲಿಯಾಗುತ್ತಿದೆ ಎಂದು ನೋಡಿ ಆರಿಸಿ. ಬಾಗಿಲಲ್ಲಿ ಎರಡು ನಿಮಿಷ ನಿಂತು, ಮುಕ್ಕಾಲು ಪಾಲು ಜನ ಏನು ತಿನ್ನುತ್ತಿದ್ದಾರೆ ಎಂದು ಗಮನಿಸಿ, ಅದನ್ನೇ ಹೇಳಿ. ನೂರೆಂಟು ತಿಂಡಿಯ ಪಟ್ಟಿಯಿರುವ ಹೋಟೆಲಿನಲ್ಲಿ ಯಾರೂ ಕೇಳದ ತಿಂಡಿಯೇ ನಿನ್ನೆಯದಾಗಿರುವ ಸಾಧ್ಯತೆ ಹೆಚ್ಚು.

ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಪಕ್ಕಕ್ಕೆ ಬರುವ ಪದಾರ್ಥ. ಕಾಯಿ ಚಟ್ನಿಯಲ್ಲಿ ಹಸಿ ತೆಂಗಿನಕಾಯಿ, ಕುದಿಸದ ನೀರು ಎರಡೂ ಇವೆ. ಬೇಸಿಗೆಯ ಮಧ್ಯಾಹ್ನ ಮೂರು ನಾಲ್ಕು ಗಂಟೆ ಹೊರಗಿದ್ದರೆ ಹುಳಿ ವಾಸನೆ ಹೊಡೆಯುತ್ತದೆ. ಬೆಳಿಗ್ಗೆ ಚಟ್ನಿ ತಿನ್ನಿ, ಸಂಜೆ ಅನುಮಾನ ಬಂದರೆ ಕುದಿಯುವ ಸಾಂಬಾರು ಕೇಳಿ. ಹೆಚ್ಚಿಟ್ಟ ಹಣ್ಣು, ಹೆಚ್ಚಿಟ್ಟ ಈರುಳ್ಳಿ, ಬರ್ಫ್ ಹಾಕಿದ ಪಾನಕ ಬೇಡ.

ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೇಯಿಸಿದ ಅನ್ನ ಕೋಣೆಯ ಕಾವಿನಲ್ಲಿ ಗಂಟೆಗಟ್ಟಲೆ ಇದ್ದರೆ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮಧ್ಯಾಹ್ನದ ಅನ್ನವೇ ಸಂಜೆ ಚಿತ್ರಾನ್ನವೋ ಫ್ರೈಡ್ ರೈಸೋ ಆಗುವ ಜಾಗಗಳಲ್ಲಿ ಇದೇ ಅಪಾಯ. ಇಡ್ಲಿ, ದೋಸೆ, ಚಪಾತಿ, ಕಣ್ಣ ಮುಂದೆ ಕರಿದ ಬಜ್ಜಿ ಹೆಚ್ಚು ಸುರಕ್ಷಿತ. ಬಾಣಲೆಯ ಎಣ್ಣೆ ಕಪ್ಪಾಗಿ, ಬಜ್ಜಿ ಬಿಡುವ ಮೊದಲೇ ಹೊಗೆ ಏಳುತ್ತಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಗೋಡೆಯ ಮೇಲೋ ಬಿಲ್ಲಿನಲ್ಲೋ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. ಇಲಾಖೆಗೆ ದೂರು ಕೊಡಬೇಕಾಗಿ ಬಂದರೆ ಅದೇ ಬೇಕಾಗುತ್ತದೆ, ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ, ಅದಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು, ಮಕ್ಕಳಿಗಂತೂ ಖಂಡಿತ ಆಗಬಾರದು. ಜ್ವರ ಅಥವಾ ರಕ್ತ ಕಂಡರೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಜೂನ್ ಕೊನೆಯಲ್ಲಿ ಮೂರು ದಿನ ಉಡುಪಿ, ಮಂಗಳೂರು. ಅರ್ಧ ಜನ ಸಸ್ಯಾಹಾರಿಗಳು, ಉಳಿದವರು ಮೀನಿಗೆಂದೇ ಬರುತ್ತಿದ್ದಾರೆ.
— ಬಳ್ಳಾರಿಯ ಓದುಗರು

ಉತ್ತರ: ಮೀನಿಗೆಂದೇ ಬರುವವರಿಗೆ ದಿನಾಂಕ ಬದಲಿಸಲು ಹೇಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಹೋಟೆಲಿಗೆ ಬರುವುದು ನಾಡದೋಣಿಯವರು ದಡದ ಹತ್ತಿರ ಹಿಡಿದ ಅಷ್ಟಿಷ್ಟು, ಉಳಿದದ್ದು ಬರ್ಫಿನದ್ದು ಅಥವಾ ಹೊರಗಿನದ್ದು. ದರವೂ ಏರಿರುತ್ತದೆ. ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರಿನೊಳಗೆ ಹೋದರೆ ಬಂಗುಡೆ, ಭೂತಾಯಿ ಕೊಬ್ಬು ತುಂಬಿಕೊಂಡಿರುತ್ತವೆ.

ಬದಲಿಸಲು ಆಗದಿದ್ದರೆ ಹೀಗೆ ಮಾಡಿ. ಮಸಾಲೆ ಹಚ್ಚುವ ಮೊದಲು ಮೀನು ತೋರಿಸಲು ಕೇಳಿ. ಕರಾವಳಿಯ ಊಟದ ಹೋಟೆಲುಗಳಲ್ಲಿ ಇದು ಮಾಮೂಲಿ, ಯಾರೂ ಬೇಸರಪಡುವುದಿಲ್ಲ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ತಾನೇ ತುಂಬಿಕೊಳ್ಳಬೇಕು. ಕಣ್ಣು ಒಳಗೆ ಹೋಗಿ ಬಿಳಿ ಪೊರೆ ಕಟ್ಟಿದ್ದರೆ ಅದು ಬಹಳ ದಿನ ಬರ್ಫಿನಲ್ಲಿತ್ತು. ರವೆ ಫ್ರೈ ಬೇಡ, ತವಾ ಫ್ರೈ ಹೇಳಿ. ರವೆಯ ಕವಚದೊಳಗೆ ಹಳೆಯ ಮೀನೂ ಹೊಸದಾಗಿ ಕಾಣುತ್ತದೆ. ಅಂಜಲ್, ಪಾಂಪ್ಲೆಟ್, ದೊಡ್ಡ ಕಾಣೆಗೆ ಪಟ್ಟಿಯಲ್ಲಿ ದರದ ಬದಲು ‘ಗಾತ್ರಕ್ಕೆ ತಕ್ಕಂತೆ’ ಎಂದಿರುತ್ತದೆ. ತೋರಿಸಿದ ಮೀನಿಗೆ ಎಷ್ಟು ಎಂದು ಕಾವಲಿಗೆ ಹೋಗುವ ಮೊದಲೇ ಕೇಳಿ. ಆ ಎರಡು ತಿಂಗಳಲ್ಲಿ ಕೋಳಿಯೇ ಜಾಣತನ: ಮಂಗಳೂರಿನಲ್ಲಿ ಕೋರಿ ರೊಟ್ಟಿ, ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಲ್ಲಿ ತುಪ್ಪದಲ್ಲಿ ಹುರಿದ ಗೀ ರೋಸ್ಟ್. ಕೋರಿ ರೊಟ್ಟಿಯ ಒಣ ಹಾಳೆಗಳನ್ನೆಲ್ಲ ಒಟ್ಟಿಗೆ ಮುರಿದು ಗಸಿ ಸುರಿಯಬೇಡಿ, ಅರ್ಧ ತಿನ್ನುವಷ್ಟರಲ್ಲಿ ಉಳಿದದ್ದು ಮುದ್ದೆಯಾಗಿರುತ್ತದೆ. ಎರಡೆರಡು ಹಾಳೆ ಮುರಿದು, ಗಸಿ ಹಾಕಿ, ಅರ್ಧ ನಿಮಿಷ ಬಿಟ್ಟು ತಿನ್ನಿ.

ಸಸ್ಯಾಹಾರಿಗಳಿಗೆ ಯಾವ ತಿಂಗಳಾದರೂ ಒಂದೇ. ಉಡುಪಿ ಕೃಷ್ಣ ಮಠದ ರಥಬೀದಿಯ ಮಿತ್ರ ಸಮಾಜದಲ್ಲಿ ಬೆಳಿಗ್ಗೆ ಬನ್ಸ್, ಸಂಜೆ ನಾಲ್ಕರ ಹೊತ್ತಿಗೆ ಗೋಳಿಬಜೆ. ಬನ್ಸ್ ಹಿಟ್ಟು ಬಾಳೆಹಣ್ಣಿನ ಜೊತೆ ರಾತ್ರಿಯಿಡೀ ನೆನೆದಿರುತ್ತದೆ, ಬೆಳಗಿನ ಮೊದಲ ಬಾಣಲೆಯದೇ ಒಳ್ಳೆಯದು. ಗೋಳಿಬಜೆ ಹರಿದಾಗ ಒಳಗೆ ಬಲೆಯಂತೆ ಇರಬೇಕು, ಅಂಟು ನೂಲು ಬಂದರೆ ಬೆಂದಿಲ್ಲ. ಮಧ್ಯಾಹ್ನ ಮಠದ ಪ್ರಸಾದದ ಊಟ ಎಲ್ಲರಿಗೂ ಉಂಟು. ಗಡ್‌ಬಡ್ ಐಸ್‌ಕ್ರೀಮ್ ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಎನ್ನುತ್ತಾರೆ. ಮಂಗಳೂರಿನವರು ಐಡಿಯಲ್, ಪಬ್ಬಾಸ್ ಹೆಸರು ಹೇಳುತ್ತಾರೆ. ಎರಡೂ ಊರಿನಲ್ಲಿ ತಿಂದು ನೋಡಲು ನಿಮಗೆ ಮೂರು ದಿನವಿದೆ.

ಪ್ರಶ್ನೆ: ಹೋಟೆಲ್ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಸೇರಿಸಿದ್ದರು. ಕೊಡಲೇಬೇಕೇ?
— ಮಂಡ್ಯದ ಓದುಗರು

ಉತ್ತರ: ಬೇಕಿಲ್ಲ. ಜಿಎಸ್‌ಟಿ ಸರ್ಕಾರದ ತೆರಿಗೆ, ಅದನ್ನು ಕೊಡಬೇಕು. ಸರ್ವಿಸ್ ಚಾರ್ಜ್ ಹೋಟೆಲಿನವರು ತಾವೇ ಸೇರಿಸಿದ್ದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಇದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆದು ಬೇರೆ ಬಿಲ್ ಕೊಡಲು ಗಲ್ಲಾದಲ್ಲಿ ಕೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಬಡಿಸಿದವರಿಗೆ ಕೊಡಬೇಕೆನಿಸಿದರೆ ಅವರ ಕೈಗೇ ಕೊಡಿ.

ಪ್ರಶ್ನೆ: ಹುಬ್ಬಳ್ಳಿ, ಧಾರವಾಡದ ಖಾನಾವಳಿಯಲ್ಲಿ ಏನು ಕೇಳಬೇಕು? ಊರಿಗೆ ಏನು ತರಬಹುದು?
— ಕೋಲಾರದ ಓದುಗರು

ಉತ್ತರ: ಖಾನಾವಳಿಗೆ ಹನ್ನೆರಡೂವರೆಯಿಂದ ಎರಡರ ಒಳಗೆ ಹೋಗಿ, ರೊಟ್ಟಿ ಬಡಿಯುವ ಸದ್ದು ಕೇಳುತ್ತಿರುವಾಗ. ‘ಬಿಸಿ ರೊಟ್ಟಿ’ ಎಂದು ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಒಣಗಿಸಿ ಗರಿಯಾಗಿಸಿದ ಕಟಕ್ ರೊಟ್ಟಿ ಬರಬಹುದು. ಅದೂ ಚೆನ್ನ, ಆದರೆ ಮೊದಲ ಸಲ ತಿನ್ನುವವರಿಗೆ ಬಿಸಿಯದೇ ಸರಿ. ಜೊತೆಗೆ ಎಣಗಾಯಿ, ಒಂದು ಕಾಳಿನ ಪಲ್ಯ, ಝುಣಕ, ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಗಟ್ಟಿ ಮೊಸರು. ಚಟ್ನಿಪುಡಿಗೆ ಮೊಸರನ್ನೋ ಎಣ್ಣೆಯನ್ನೋ ಕಲಸಿಕೊಳ್ಳಿ, ಒಣಗಿದ್ದನ್ನೇ ತಿಂದರೆ ಗಂಟಲಿಗೆ ಹತ್ತುತ್ತದೆ. ಅನ್ನ ಬರುವುದು ಕೊನೆಗೆ, ಅದಕ್ಕೆ ಹೊಟ್ಟೆಯಲ್ಲಿ ಜಾಗ ಬಿಟ್ಟರೂ ಸರಿ, ಬಿಡದಿದ್ದರೂ ಸರಿ. ಮಾಂಸಾಹಾರಿಗಳಿಗೆ ಸಾವಜಿ ಖಾನಾವಳಿ. ಮೇಲೆ ತೇಲುವ ಕೆಂಪು ಎಣ್ಣೆಯಲ್ಲೇ ಖಾರವಿರುತ್ತದೆ. ಮೊದಲು ರೊಟ್ಟಿಯ ಚೂರನ್ನು ತಳದ ರಸಕ್ಕೆ ಅದ್ದಿ ನೋಡಿ, ಆಮೇಲೆ ಕಲಸಿ. ಸಂಜೆಗೆ ಗಿರಮಿಟ್ಟು, ಮಿರ್ಚಿ ಭಜಿ. ಗಿರಮಿಟ್ಟು ಕಟ್ಟಿಸಿಕೊಂಡು ಹೋಗುವಂಥದ್ದಲ್ಲ, ಹತ್ತು ನಿಮಿಷದಲ್ಲಿ ಚುರಮುರಿ ಮೆತ್ತಗಾಗುತ್ತದೆ.

ತರುವುದಕ್ಕೆ ಗೋಕಾಕದ್ದೋ ಅಮೀನಗಡದ್ದೋ ಕರದಂಟು ಎಲ್ಲಕ್ಕಿಂತ ಮೇಲು. ಅಂಟು, ಒಣ ಹಣ್ಣು, ಬೆಲ್ಲದ್ದಾದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ, ವಿದೇಶಕ್ಕೆ ಹೋಗುವ ಮಕ್ಕಳ ಪೆಟ್ಟಿಗೆಗೂ ಸಲ್ಲುತ್ತದೆ. ಧಾರವಾಡ ಪೇಡೆಯ ಖೋವಾ ಕಂದು ಬಣ್ಣ ಬರುವವರೆಗೆ ಹುರಿದು ಮಾಡಿದ್ದು, ಒಂದು ವಾರಕ್ಕೆ ಅಡ್ಡಿಯಿಲ್ಲ. ಲೈನ್ ಬಜಾರಿನ ಠಾಕೂರ್ ಅಂಗಡಿ ಹಳೆಯದು, ಅಲ್ಲಿ ಸರದಿ ಇರುತ್ತದೆ. ಬೆಳಗಾವಿ ಕುಂದಾದಲ್ಲಿ ತೇವ ಹೆಚ್ಚು. ಮೂರು ನಾಲ್ಕು ದಿನದಲ್ಲಿ ತಿನ್ನುವಷ್ಟೇ ತನ್ನಿ.

ಪ್ರಶ್ನೆ: ಎರಡು ರಾತ್ರಿಯ ರೈಲು ಪ್ರಯಾಣ. ಮನೆಯಿಂದ ಏನು ಕಟ್ಟಿಕೊಂಡರೆ ಕೆಡುವುದಿಲ್ಲ?
— ತಿಪಟೂರಿನ ಓದುಗರು

ಉತ್ತರ: ಕೆಡುವ ಕ್ರಮದಲ್ಲೇ ತಿನ್ನುತ್ತ ಹೋಗಿ. ಮೊದಲ ಊಟಕ್ಕೆ ಮೊಸರನ್ನ. ಬಿಸಿ ಅನ್ನ ಚೆನ್ನಾಗಿ ಮಸೆದು, ಒಂದು ಲೋಟ ಅನ್ನಕ್ಕೆ ಎರಡು ಲೋಟ ಉಗುರುಬೆಚ್ಚಗಿನ ಹಾಲು, ಒಂದು ದೊಡ್ಡ ಚಮಚ ಮೊಸರು. ದಾರಿಯಲ್ಲಿ ಅದೇ ಹೆಪ್ಪಾಗುತ್ತದೆ. ಮನೆಯಲ್ಲೇ ಮೊಸರು ಕಲಸಿದರೆ ಊಟದ ಹೊತ್ತಿಗೆ ಹುಳಿ. ಇದು ಏಳೆಂಟು ಗಂಟೆಯ ಬಾಳು.

ಎರಡನೆಯ ಊಟಕ್ಕೆ ಪುಳಿಯೋಗರೆ. ಅನ್ನ ಉದುರುದುರಾಗಿ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ, ಫ್ಯಾನಿನ ಕೆಳಗೆ ಬೇಗ ಆರಿಸಿ, ಆಮೇಲೆ ಗೊಜ್ಜು ಕಲಸಿ. ಹುಣಿಸೆಯ ಹುಳಿ ಅನ್ನವನ್ನು ಕಾಪಾಡುತ್ತದೆ, ಆದ್ದರಿಂದ ಗೊಜ್ಜಿಗೆ ಜಿಪುಣತನ ಬೇಡ. ಹಸಿ ಕಾಯಿ ಹಾಕಬೇಡಿ, ಬೇಕಾದರೆ ಹುರಿದ ಕೊಬ್ಬರಿ. ಮರುದಿನದ ಬೆಳಗಿನ ತಿಂಡಿಯೊಳಗೆ ಮುಗಿಸಿ. ಬಿಸಿಯಾಗಿಯೇ ಡಬ್ಬಿ ಮುಚ್ಚಿದರೆ ಒಳಗಿನ ಬೆವರಿಗೆ ಸಂಜೆಯೊಳಗೇ ಹಳಸುತ್ತದೆ.

ಆಮೇಲಿನದಕ್ಕೆ ದಶಮಿ. ಉತ್ತರ ಕರ್ನಾಟಕದವರು ಬುತ್ತಿಗೆಂದೇ ಮಾಡುವ, ನೀರಿನ ಬದಲು ಹಾಲಿನಲ್ಲಿ ಹಿಟ್ಟು ಕಲಸಿ ಬೇಯಿಸುವ ರೊಟ್ಟಿ. ಎರಡು ದಿನ ಮೆತ್ತಗಿರುತ್ತದೆ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಬೇಡ. ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಜೊತೆಗಿರಲಿ. ಪಲ್ಯ ಕಟ್ಟಬೇಡಿ, ಆಲೂಗಡ್ಡೆಯದಂತೂ ಬೇಡವೇ ಬೇಡ.

ಒಂದು ಹೊತ್ತು ಬಿಸಿ ಊಟ ಬೇಕೆನಿಸಿದರೆ ಐಆರ್‌ಸಿಟಿಸಿಯ ಇ-ಕೇಟರಿಂಗ್‌ನಲ್ಲಿ ಟಿಕೆಟ್ಟಿನ 10 ಅಂಕಿಯ ಪಿಎನ್‌ಆರ್ ಕೊಟ್ಟು, ಮುಂದೆ ಬರುವ ನಿಲ್ದಾಣದ ಹೋಟೆಲಿನಿಂದ ಸೀಟಿಗೆ ತರಿಸಬಹುದು. ಗಾಡಿ ಹತ್ತು ನಿಮಿಷವಾದರೂ ನಿಲ್ಲುವ ನಿಲ್ದಾಣ ಆರಿಸಿ, ಎರಡು ನಿಮಿಷ ನಿಲ್ಲುವಲ್ಲಿ ತರುವವರು ನಿಮ್ಮ ಬೋಗಿ ಹುಡುಕುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಆ ಊರಿನವರು ದಿನಾ ತಿನ್ನುವುದನ್ನೇ ಹೇಳಿ.

ಪ್ರಶ್ನೆ: ಮಗನಿಗೆ ಮುಂಬೈಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ನಮ್ಮ ಊಟ ಸಿಗುವುದೆಲ್ಲಿ?
— ಸಾಗರದ ಓದುಗರು

ಉತ್ತರ: ಮಾಟುಂಗಾದಲ್ಲಿ. ಲೋಕಲ್ ರೈಲಿನಲ್ಲಿ ಹೋಗುವಾಗ ಒಂದನ್ನು ನೆನಪಿಡಲು ಹೇಳಿ: ಸೆಂಟ್ರಲ್ ಲೈನಿನದು ‘ಮಾಟುಂಗಾ’, ವೆಸ್ಟರ್ನ್ ಲೈನಿನದು ‘ಮಾಟುಂಗಾ ರೋಡ್’. ನಮ್ಮ ಹೋಟೆಲುಗಳು ಸೆಂಟ್ರಲ್ ಲೈನಿನ ಪೂರ್ವ ಬದಿಯಲ್ಲಿವೆ. ನಿಲ್ದಾಣದ ಪಕ್ಕದಲ್ಲೇ ಮಹಡಿಯ ಮೇಲೆ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು. ಬಾಳೆ ಎಲೆಯ ಊಟಕ್ಕೆ ಅಲ್ಲಿಗೆ ಹೋಗಬೇಕು. ತಿಂಡಿಗೆ ರಾಮ ಆಶ್ರಯ, ಅಲ್ಲಿ ಅನಾನಸ್ ಶಿರಾ ಕೇಳಲಿ. ಕಿಂಗ್ಸ್ ಸರ್ಕಲ್ಲಿನ ಕಡೆ ಕೆಫೆ ಮದ್ರಾಸ್‌ನಲ್ಲಿ ರಸಂ ವಡೆ. ಭಾನುವಾರ ಬೆಳಿಗ್ಗೆ ಇಡೀ ಮುಂಬೈ ಅಲ್ಲಿರುತ್ತದೆ, ವಾರದ ದಿನ ಎಂಟರೊಳಗೆ ಹೋದರೆ ಕೂರಲು ಜಾಗ ಸಿಗುತ್ತದೆ.

ಮುಂಬೈಯ ಬೀದಿಗಾಡಿಗಳಲ್ಲಿ ‘ಮೈಸೂರು ಮಸಾಲಾ’ ಎಂದು ಬರೆದಿರುವುದು ನೀವು ತಿಳಿದ ದೋಸೆಯಲ್ಲ. ಕೆಂಪು ಚಟ್ನಿಯ ಮೇಲೆ ತರಕಾರಿ, ಬೆಣ್ಣೆ ಹಾಕಿ ಕಾವಲಿಯಲ್ಲೇ ಜಜ್ಜಿ ಪಾವ್‌ಭಾಜಿಯ ಹಾಗೆ ಮಾಡುತ್ತಾರೆ. ಅದೂ ರುಚಿಯೇ. ಆದರೆ ಊರು ನೆನಪಾಗಿ ದೋಸೆ ಬೇಕೆನಿಸಿದ ದಿನ ಅದನ್ನು ಹೇಳುವುದು ಬೇಡ, ಮಾಟುಂಗಾದವರೆಗೆ ಹೋಗಿ ‘ಸಾದಾ ಮಸಾಲಾ’ ಕೇಳಲಿ.